ಬಿಳಿ ಹೊಗೆಗೆ ಪುರೇವ್ ಭಾವ ಕೊಟ್ಟ ಕಾರಣಗಳು

ಉಲಾನ್‌ಬಾತರಿನ ಚಳಿಗಾಲದಲ್ಲಿ ಹೊಗೆ ಉಗುಳದ ಕಾರು ಸತ್ತ ಕಾರು ಎಂದೇ ಲೆಕ್ಕ. ಬೀದಿಯ ತುಂಬ ಬಿಳಿ ಹೊಗೆ. ಅದರಲ್ಲಿ ಯಾವುದು ಚಳಿಯದು, ಯಾವುದು ಕಾಯಿಲೆಯದು ಎಂದು ಭಗವಂತ ಬುದ್ಧನೇ ಹೇಳಬೇಕು. ಆದ್ದರಿಂದ ಚೋಯ್ಜಿಲನ ಹಳೆಯ ಹೈಬ್ರಿಡ್ ಕಾರು ನಡುಚಳಿಯಲ್ಲಿ ಕೆಟ್ಟದ್ದು ಬಹಳ ಜಾಣತನದ ಕೆಲಸ.

ಹೊಸ ವರ್ಷದ ಹಬ್ಬ ಹತ್ತಿರ ಬಂದಿತ್ತು. ಚೋಯ್ಜಿಲನ ತಾಯಿ ದುಲ್ಮಾ, ದೂರದ ಊರಿನಲ್ಲಿದ್ದ ತನ್ನ ಅಣ್ಣನನ್ನು ಈ ಸಲ ಕಂಡೇ ತೀರಬೇಕೆಂದು ಪಟ್ಟು ಹಿಡಿದಿದ್ದಳು. ಹಬ್ಬಕ್ಕೆ ಕಿರಿಯರೇ ಹಿರಿಯರ ಮನೆಗೆ ಹೋಗಬೇಕು. ಅಣ್ಣನಿಗೆ ಎಂಬತ್ತು ದಾಟಿತ್ತು, ಉಸಿರು ಮೇಲುಮೇಲಾಗಿತ್ತು. ಮುಂದಿನ ಹಬ್ಬದ ಭರವಸೆ ಯಾರಿಗೂ ಇರಲಿಲ್ಲ. ದಾರಿಯೋ ಬರೀ ಬಯಲು. ಅಲ್ಲಿ ಕಾರು ನಿಂತರೆ ಬೆಳಗಾಗುವುದರೊಳಗೆ ಒಳಗಿದ್ದವರ ಉಸಿರೂ ನಿಂತಂತೆಯೇ.

ಆ ಕಾರು ಈಗ ಪ್ರತಿ ಬೆಳಿಗ್ಗೆ ಜ್ವರ ಬಂದವರಂತೆ ನಡುಗಿ, ಸಿಹಿ ವಾಸನೆಯ ಹೊಗೆ ಬಿಡುತ್ತಿತ್ತು. ಚೋಯ್ಜಿಲ್ ತನ್ನ ಅಕ್ಕನ ಗಂಡ ಪುರೇವನನ್ನು ಕರೆದ. ಯಾವ ವಾಹನದ ವಿಷಯದಲ್ಲೂ ಪುರೇವನಿಗೆ ಸಂಶಯವೆಂಬುದು ಬಂದದ್ದಿಲ್ಲ. ಆ ವರ ಎಲ್ಲರಿಗೂ ಸಿಗುವಂಥದ್ದಲ್ಲ.

"ಸಿಹಿ ವಾಸನೆ ಬರ್ದೆ ಏನ್ಮಾಡುತ್ತೆ?" ಎಂದ ಪುರೇವ್. "ಪ್ರಯಾಣ ಸುಖವಾಗ್ಲಿ ಅಂತ ಅತ್ತೆ ದಿನಾ ಬೆಳಿಗ್ಗೆ ದೇವತೆಗಳ ಹೆಸರಲ್ಲಿ ಕಾರಿಗೆ ಹಾಲು ಚಿಮುಕಿಸ್ತಾರಲ್ಲ, ಅದೇ ಹೊಗೆ ಕೊಳವೆ ಮೇಲೆ ಬಿದ್ದು ಸೀದು ಹೋಗ್ತಿದೆ."

ದುಲ್ಮಾ ಹಾಲಿನ ಸೌಟು ಹಿಡಿದೇ ತಿರುಗಿದಳು. "ಅಳಿಯಂದಿರೇ, ನಾನು ಹಾಲು ಹಾಕೋದು ಗಾಲಿಗೆ. ಹೊಗೆ ಬರ್ತಿರೋದು ಬಾಲದಿಂದ."

ಆದರೂ ಅಳಿಯನ ಮರ್ಯಾದೆಗೆಂದು ಮರುದಿನ ಹಾಲು ನಿಲ್ಲಿಸಿದರು. ದೇವತೆಗಳು ಒಂದು ಬೆಳಿಗ್ಗೆ ಉಪವಾಸವಿದ್ದರು. ವಾಸನೆ ಮಾತ್ರ ಹಾಗೆಯೇ ಇತ್ತು.

"ಹಾಗಾದ್ರೆ ಎಂಜಿನ್ ತಣ್ಣಗಿಡೋ ಕೂಲೆಂಟ್ ಸೋರ್ತಿದೆಯೇನೋ ಭಾವ? ಅದ್ರದ್ದೂ ಸಿಹಿ ವಾಸನೆಯೇ," ಎಂದ ಚೋಯ್ಜಿಲ್.

"ಸೋರಿದ್ರೆ ನೆಲ ಒದ್ದೆಯಾಗ್ಬೇಕಲ್ಲೋ. ನೋಡಿಲ್ಲಿ, ಡಬ್ಬಿ ಗೆರೆವರೆಗೂ ತುಂಬಿದೆ. ಕಣ್ಣಿಲ್ವಾ ನಿಂಗೆ?"

ಡಬ್ಬಿ ತುಂಬಿಯೇ ಇತ್ತು. ಚೋಯ್ಜಿಲನೂ ಚಳಿಗಾಲವಿಡೀ ಅದನ್ನೇ ನೋಡಿ ಸಮಾಧಾನಪಟ್ಟಿದ್ದ. ಆದರೆ ಎಂಜಿನ್ ಸುಡುತ್ತಿದ್ದಾಗಲೂ, ಅದರ ಬಿಸಿ ಕೂಲೆಂಟಿನಿಂದಲೇ ಕಾಯಬೇಕಿದ್ದ ಹೀಟರಿನಿಂದ ತಣ್ಣನೆ ಗಾಳಿ ಬಂದದ್ದು ಅವನ ತಲೆ ಕೊರೆಯುತ್ತಿತ್ತು. ಬಗ್ಗಿ ಹುಡುಕಿದ. ಆಚೆ ಬದಿಯಲ್ಲಿ ಇನ್ನೊಂದು ಡಬ್ಬಿ ಒಣಗಿ ಕೂತಿತ್ತು. ಎಂಜಿನ್ನಿನದು ಅದು, ತುಂಬಿದ್ದ ಡಬ್ಬಿ ಕಾರಿನ ವಿದ್ಯುತ್ ಭಾಗವನ್ನು ತಣ್ಣಗಿಡುವಂಥದು. ಹೊಟ್ಟೆ ತುಂಬಿದವನನ್ನೇ ದಿನಾ ಊಟವಾಯಿತೇ ಎಂದು ಕೇಳಿಕೊಂಡು, ಹಸಿದವನನ್ನು ಮರೆತಿದ್ದರು.

ಒಣ ಡಬ್ಬಿಗೆ ಕೂಲೆಂಟ್ ಸುರಿದು ಕಾರು ಚಾಲೂ ಮಾಡಿದ. ಹೈಬ್ರಿಡ್ ಅಲ್ಲವೇ, ನೋಡಲು ಜನ ನಿಂತರೆಂದು ಎಂಜಿನ್ ಆರಿಸಿ ಬ್ಯಾಟರಿಯ ಮೇಲೆ ಮೌನವ್ರತ ಹಿಡಿಯಿತು. ಕಾದು ಕಾದು ಕಾಲು ಮರಗಟ್ಟಿದ ಮೇಲೆ ಎಂಜಿನ್ ಎದ್ದಿತು. ಡಬ್ಬಿಯಲ್ಲಿ ಕುದಿವ ಚಹಾದಂತೆ ಗುಳ್ಳೆಗಳು ಮೇಲೆ ಬಂದವು.

"ಹೊರಗೆಲ್ಲೂ ಸೋರ್ತಿಲ್ಲ ಭಾವ. ಎಂಜಿನ್ ಸಂದಿ ಮುಚ್ಚೋ ಗ್ಯಾಸ್ಕೆಟ್ ಹೋಗಿದೆ, ಅದಕ್ಕೇ ಈ ಗುಳ್ಳೆ. ಕೂಲೆಂಟ್ ಎಂಜಿನ್ ಒಳಗೇ ಇಳಿದು ಹೊಗೆಯಾಗಿ ಹೋಗ್ತಿದೆ."

"ಅದನ್ನೇ ಅಲ್ವಾ ನಾನು ಹೇಳಿದ್ದು?" ಎಂದ ಪುರೇವ್. "ಅದಕ್ಕೇನಂತೆ, ದಾರೀಲಿ ಹಿಮ ಬೇಕಾದಷ್ಟಿದೆ. ಕರಗಿಸಿ ಹಾಕ್ಕೊಂಡು ಹೋಗೋಣ."

"ನಿಮ್ಮ ಮಾತಿನ ಬಿಸಿಗೇ ಕರಗುತ್ತೆ ಬಿಡಿ. ನಾನಂತೂ ಅಮ್ಮನ್ನ ಇದರಲ್ಲಿ ಕೂರಿಸಲ್ಲ."

"ಹುಟ್ಟೂರಿಗೆ ಬಸ್ಸಲ್ಲಿ ಹೋಗಿ ಇಳೀತಾರಾ? ಜನ ಏನಂದಾರು?"

ಚೋಯ್ಜಿಲ್ ಒಳಗೆ ಹೋಗಿ ತಲೆ ತಗ್ಗಿಸಿ ವಿಷಯ ತಿಳಿಸಿದ. ದುಲ್ಮಾ ಕುರಿಮಾಂಸದ ಗಂಟನ್ನು ಬಿಗಿಯುತ್ತಲೇ ಇದ್ದಳು.

"ಅಣ್ಣ ನೋಡೋದು ನನ್ನನ್ನೋ, ಗಾಡೀನೋ? ಹೋಗು, ಬಸ್ಸಲ್ಲಿ ಜಾಗ ಹಿಡಿ."

ಬಸ್ಸಿನಲ್ಲಿ ಎರಡೇ ಜಾಗ ಸಿಕ್ಕವು. ಪುರೇವ್ ಊರಿನಲ್ಲೇ ಉಳಿದ. ದಾರಿ ಅದರಿಂದಲೇ ಅರ್ಧ ಹಗುರವಾಯಿತು.

ಹಬ್ಬದ ಬೆಳಿಗ್ಗೆ, ಕಿರಿಯರು ಹಿರಿಯರಿಗೆ ವಂದಿಸುವ ರೀತಿಯಲ್ಲಿ, ದುಲ್ಮಾ ತನ್ನೆರಡು ಕೈಗಳನ್ನು ಅಣ್ಣನ ಮೊಣಕೈಗಳಡಿ ಇಟ್ಟು ಎತ್ತಿ ಹಿಡಿದಳು. ಮುದುಕ ವಾಡಿಕೆಯಂತೆ ಅವಳ ಕೆನ್ನೆಗಳನ್ನು ಮೂಸಿದ. ಯಾವುದರಲ್ಲಿ ಬಂದೆ ಎಂದು ಕೇಳಲಿಲ್ಲ. ಸಂಪ್ರದಾಯ ಕೇಳುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಇಬ್ಬರೂ ಹಾಗೆಯೇ ನಿಂತಿದ್ದರು; ಹಿಂದೆ ಸಾಲಿನಲ್ಲಿದ್ದ ಚೋಯ್ಜಿಲ್ ತನ್ನ ಸರದಿಗೆ ಅವಸರ ಮಾಡಲಿಲ್ಲ.