ಅರ್ಧಕ್ಕೆ ನಿಂತ ಮಾತು

ನಾನು ದನಿ ಕಳೆದುಕೊಂಡವರ ಪರವಾಗಿ ಮಾತಾಡುವ ಒಂದು ಸಣ್ಣ ಕಂಪ್ಯೂಟರ್. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಮುಮ್ತಾಜ್ ಎಂಬ ಎಂಜಿನಿಯರ್ ನನ್ನನ್ನು ಜೋಡಿಸಿದಳು. ಕೀಲಿ ಒತ್ತಿ ಬರೆದದ್ದನ್ನು ಗಟ್ಟಿಯಾಗಿ ಹೇಳುವುದು ನನ್ನ ಕೆಲಸ.

ಅಲ್ಲಿಂದ ಬ್ಯಾಡಗಿಯ ಅಡವೆಪ್ಪನವರ ಮನೆಗೆ ಬಂದೆ. ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದವರು ಅವರು. ಕ್ಯಾನ್ಸರ್ ಬಂದು ಗಂಟಲು ಕೊಯ್ದ ಮೇಲೆ ದನಿ ಹೋಗಿತ್ತು. ನಾನು ಮೊದಲ ಸಲ “ನೀಲವ್ವ, ಚಾ ಕೊಡು” ಎಂದಾಗ ಅವರ ಹೆಂಡತಿ ನಕ್ಕಳು, ಆಮೇಲೆ ಅತ್ತಳು.

ಆದರೆ ಮಾತು ಉದ್ದವಾದರೆ ನಾನು ನಡುವೆ ನಿಂತುಬಿಡುತ್ತಿದ್ದೆ.

ಕ್ಯಾನ್ಸರ್ ಮರಳಿತು. ಡಾಕ್ಟರು ಇನ್ನೊಂದು ಆಪರೇಷನ್ ಆಗಬೇಕೆಂದರು. ಆ ಸಂಜೆ ಅಡವೆಪ್ಪನವರು ಬಹಳ ಹೊತ್ತು ಬರೆದರು. “ಆಪರೇಷನ್ನಿಗೆ ನಾ ಒಪ್ಪಿ...” ಎಂದಷ್ಟಕ್ಕೆ ನಾನು ನಿಂತೆ.

“ಒಪ್ಪಿದ್ರಾ? ಯವ್ವಾ, ಹುಲಿಗೆವ್ವ!” ನೀಲವ್ವ ದೇವಿಗೆ ಕೈಮುಗಿದು, ಫೋನು ಹಿಡಿದು ಅಂಗಳಕ್ಕೆ ಓಡಿದಳು. “...ಕೊಳ್ಳೂದಿಲ್ಲ” ಎಂದು ನಾನು ಮುಗಿಸಿದಾಗ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಹೊರಗೆ ಅವಳ ಸಂತೋಷದ ದನಿ. ಮತ್ತೆ ಬರೆಯಲು ಬೆರಳೆತ್ತಿದರು, ಬರೆಯಲಿಲ್ಲ.

ಮುಮ್ತಾಜಳನ್ನು ಕರೆಸಿದರು. ಯಾವುದಕ್ಕೆ ಎಲ್ಲಿ ಜಾಗವೆಂದು ಹಂಚುವ ನನ್ನ ಕರ್ನಲ್ ಎಂಬ ಮೂಲ ಪ್ರೋಗ್ರಾಮನ್ನು ಅವಳು ತೆರೆದು ನೋಡಿದಳು.

“ಕಾಕಾರ, ದನಿಯ ಎಲ್ಲಾ ತುಣುಕಿಗೂ ಇದು ಒಂದ ನಮೂನಿ ವಿಳಾಸ ಕೊಟ್ಟೈತ್ರಿ. ಕ್ಯಾಶ್ ಅಂತ ಚುರುಕು ಮೆಮೊರಿ ಇರ್ತೈತಿ, ಅದರ ಒಂದ ಗೂಡಿಗೆ ಎಲ್ಲಾ ನುಗ್ಗಿ ಒಂದನ್ನೊಂದು ಹೊರಗ ಹಾಕ್ತಾವು. ಬಾಜೂ ಗೂಡು ಖಾಲಿ ಅದಾವು.”

ಹೊರಬಿದ್ದ ತುಣುಕನ್ನು ದೂರದಿಂದ ಮತ್ತೆ ತರುವಷ್ಟರಲ್ಲಿ ನನ್ನ ಮಾತು ನಿಲ್ಲುತ್ತಿತ್ತು. ಅವಳು ಒಂದೊಂದರ ವಿಳಾಸವನ್ನೂ ಚೂರುಚೂರೇ ಸರಿಸಿ, ಎಲ್ಲವೂ ಬೇರೆ ಬೇರೆ ಗೂಡಿಗೆ ಹೋಗುವಂತೆ ಮಾಡಿದಳು.

ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಚೀಲ ಬಾಗಿಲಲ್ಲಿತ್ತು. ನಾನು ಎಲ್ಲೂ ತಡೆಯದೆ ಹೇಳಿದೆ: “ನೀಲವ್ವ, ನಾ ಆಪರೇಷನ್ ಮಾಡಿಸ್ಕೊಳ್ಳೂದಿಲ್ಲ. ಅವತ್ತೂ ಅದನ್ನ ಹೇಳಿದ್ದೆ.”

ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಕೆಟ್ಟಿದ್ದಾಗನ ಇದು ಚಲೋ ಇತ್ತು.”

ಆಮೇಲೆ ಬಂದು ಎದುರಿಗೆ ಕುಳಿತಳು. “ಹೇಳ್ರಿ. ಯಾಕ ಬ್ಯಾಡ?”

“ಮೊದಲನೇದಕ್ಕ ದನಿ ಹೋತು. ಈ ಸಲ ನುಂಗೂದೂ ಹೋಗ್ತೈತಿ ಅಂದಾರ. ಇರೋ ತನಕಾ ನಿನ್ನ ಕೈಯಾಗಿಂದು ತಿಂತೀನಿ.”

ಅವಳು ಎದ್ದು ಒಲೆ ಹಚ್ಚಿದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಂದಳು. ಯುಗಾದಿಗೆ ಮೊದಲೇ ಅವರು ತೀರಿಕೊಂಡರು.

ನಾನೀಗ ಕಪಾಟಿನ ಮೂಲೆಯಲ್ಲಿದ್ದೇನೆ. ಅವಳು ನನ್ನ ಕರೆಂಟು ತೆಗೆದಿಲ್ಲ, ಯಾರಿಗೂ ಕೊಟ್ಟೂ ಇಲ್ಲ. ಒಮ್ಮೆ ಧೂಳು ಒರೆಸುವಾಗ ಬಟ್ಟೆ ಕೀಲಿಗೆ ತಾಗಿ ನಾನು “ನ” ಎಂದೆ. ನೀಲವ್ವ ಬಟ್ಟೆ ಹಿಡಿದುಕೊಂಡೇ ಮುಂದಿನ ಅಕ್ಷರಕ್ಕೆ ಕಾದಳು. ತಡವರಿಕೆ ನನ್ನಲ್ಲಿ ಉಳಿದಿರಲಿಲ್ಲ, ಬರೆಯುವವರೇ ಇರಲಿಲ್ಲ.