ಹಡಗಿಗೆ ಬಿಟ್ಟ ಕಾಲಂಗುಲ

ಆ ಬೀದಿಯಲ್ಲಿ ಟೈಲರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ‘ಎರಡ್ಸಲ’. ಯಾರೇ ಬಂದು ಎದೆ ಸೆಟೆಸಿ ನಿಂತರೂ ಒಮ್ಮೆ ಅಳೆದು ಬರೆದುಕೊಂಡು, "ಏನೂ ಅಂದ್ಕೋಬೇಡಿ, ಇನ್ನೊಂದ್ಸಲ" ಎಂದು ಟೇಪನ್ನು ಮತ್ತೆ ಸುತ್ತುತ್ತಿದ್ದ. ಎರಡನೆಯ ಸಲವೂ ಅದೇ ಅಳತೆ ಬಂದರೆ ಅವನ ಮುಖದಲ್ಲಿ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು ಕಾಣುತ್ತಿತ್ತು. ಮೂವತ್ತು ವರ್ಷಗಳಲ್ಲಿ ಅವನು ಹೊಲಿದ ಕೋಟು ಬಿಗಿಯಾಯಿತೆಂದು ಯಾರೂ ವಾಪಸು ತಂದದ್ದಿಲ್ಲ. ಆದರೂ ಅಂಗಡಿಯ ಬಾಗಿಲು ಕಿರ್ರೆಂದಾಗಲೆಲ್ಲ, ‘ಇವತ್ತು ಬಂದರೋ ಏನೋ’ ಎಂದು ಬಂದವರ ಕೈಯಲ್ಲಿ ಕೋಟಿದೆಯೇ ನೋಡುತ್ತಿದ್ದ.

ಇಂಥವನ ಕೈಗೆ ಒಂದು ಹಡಗು ಬಂತು.

ಬಂದದ್ದು ಹೀಗೆ. ಅವನ ಮಾವ, ಅಂದರೆ ಹೆಂಡತಿಯ ತಂದೆ, ಬಂದರಿನಲ್ಲಿ ನಲವತ್ತು ವರ್ಷ ಹಡಗಿನ ಬಡಗಿಯಾಗಿದ್ದವರು. ಈಗ ಕಣ್ಣಿಗೆ ಮಂಜು ಕವಿದು, ಬೆಳಕು ನೆರಳು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಮಗಳ ಮನೆಯಲ್ಲೇ ಇದ್ದರು. ನೂರೈವತ್ತು ವರ್ಷದ ಹಿಂದೆ ಅದೇ ಬಂದರಿನಲ್ಲಿ ಕಟ್ಟಿದ ಮೂರು ಕಂಬದ ಹಾಯಿಹಡಗೊಂದರ ನಕ್ಷೆ ಊರಿನ ಗ್ರಂಥಾಲಯದವರಿಗೆ ಸಿಕ್ಕಿತ್ತು. ಮರದಲ್ಲಿ ಅದರ ಮಾದರಿ ಮಾಡಿಸಿ, ಪಕ್ಕದಲ್ಲೇ ನಕ್ಷೆಯನ್ನೂ ತೂಗುಹಾಕಬೇಕೆಂದು ಅವರ ಆಸೆ. ಆ ಹಡಗು ಕಟ್ಟಿದವರಲ್ಲಿ ಮಾವನ ಮುತ್ತಜ್ಜನೂ ಒಬ್ಬರಾದ್ದರಿಂದ ಗ್ರಂಥಪಾಲಕಿಯೇ ಕೇಳಿಕೊಂಡು ಬಂದಳು. ಮಾವ ಟೀ ಕುಡಿದು ಲೋಟ ಕೆಳಗಿಟ್ಟು, "ಬಾಯಿ ನಂದು, ಕೈ ಅಳಿಯಂದ್ರದ್ದು. ಆಗುತ್ತೇನಮ್ಮಾ?" ಎಂದರು.

ಟೈಲರು ತನ್ನ ಕಿವಿಯನ್ನೇ ನಂಬಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮಾವ ಅವನನ್ನು ‘ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ’ ಎಂದು ಬಾಯಿ ತುಂಬ ಮಾತಾಡಿಸುತ್ತಿದ್ದರು. ಆದರೆ ಗೋಡೆಗೊಂದು ಮೊಳೆ ಹೊಡೆಯುವುದಿದ್ದರೂ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟವರಲ್ಲ. ಹೀಗೆ ಹೇಳಿದರೆ ಮಾವ ದೊಡ್ಡಸ್ತಿಕೆಯವರು ಅನಿಸೀತು, ಹಾಗೇನಿಲ್ಲ. ಬಟ್ಟೆ ಕತ್ತರಿಸುವ ಕೈ ಬೇರೆ, ಮರ ಕೊಯ್ಯುವ ಕೈ ಬೇರೆ ಎಂಬುದು ಅವರಿಗೆ ನೀರು ಬೇರೆ ನೆಲ ಬೇರೆ ಎಂಬಷ್ಟು ಸಹಜವಾಗಿತ್ತು.

ಮನೆಗೆ ಅಂಟಿಕೊಂಡೇ ಇದ್ದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಉದ್ದ ಮೇಜಿನ ಅರ್ಧ ಭಾಗ ಹಡಗುಕಟ್ಟೆಯಾಯಿತು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಕೆಲಸ. ಗ್ರಂಥಪಾಲಕಿ ಕೊಟ್ಟ ನಕ್ಷೆಯ ಪ್ರತಿಯಲ್ಲಿದ್ದ ಅಳತೆಯೇ: ಅಸಲಿನ ಅರವತ್ತರಲ್ಲಿ ಒಂದು ಪಾಲು. ಮೂತಿಯಿಂದ ಬಾಲದವರೆಗೆ ಎರಡು ಮೊಳಕ್ಕಿಂತ ತುಸು ಕಡಿಮೆ. ಕೆಳಗೆ ಬೆನ್ನುಮೂಳೆಯಂಥ ಉದ್ದ ಮರ, ಅದರ ಮೇಲೆ ಅಡ್ಡಡ್ಡ ಹದಿನಾಲ್ಕು ಪಕ್ಕೆಲುಬು, ಆಮೇಲೆ ಅವುಗಳ ಮೈಗೆ ತೆಳ್ಳನೆಯ ಪಟ್ಟಿಗಳ ಹೊದಿಕೆ. ಟೈಲರು ಪ್ರತಿ ಪಕ್ಕೆಲುಬಿನ ಆಕಾರವನ್ನೂ ನಕ್ಷೆಯಿಂದ ರಟ್ಟಿಗೆ ಇಳಿಸಿ, ರಟ್ಟನ್ನು ಪ್ಲೈವುಡ್ಡಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸಣ್ಣ ಗರಗಸದಲ್ಲಿ ಕೊಯ್ದ. ಎಡ ಬಲ ಸಮ ಇದೆಯೇ ಎಂದು ಎರಡೆರಡು ಸಲ ಅಳೆದ. ಸಮ ಇತ್ತು.

"ಪಟ್ಟಿ ಒಂದೇ ಕಡೆ ಅಂಟಿಸ್ಕೊಂಡು ಹೋಗ್ಬೇಡಿ. ಎಡಕ್ಕೊಂದು, ಬಲಕ್ಕೊಂದು. ಇಲ್ದಿದ್ರೆ ಕುತ್ತಿಗೆ ಉಳುಕಿದೋನ ಹಾಗೆ ತಿರುಚ್ಕೊಳ್ಳುತ್ತೆ," ಎಂದು ಮಾವ ಕುರ್ಚಿಯಿಂದ ಹೇಳುತ್ತಿದ್ದರು.

ತಳದಿಂದ ನಾಲ್ಕು ಪಟ್ಟಿ ಎಡಕ್ಕೆ, ನಾಲ್ಕು ಬಲಕ್ಕೆ ಕೂತವು. ನೋಡಲು ಬಂದ ಗ್ರಂಥಪಾಲಕಿಯ ಮುಂದೆ ಮಾವ ಪಟ್ಟಿಗಳ ಸಂದಿನ ಮೇಲೆ ಉಗುರು ಎಳೆದು, "ಪರವಾಗಿಲ್ಲ. ಕೈ ಕಲೀತಿದೆ," ಎಂದರು. ಟೈಲರು ಆ ಎರಡು ಮಾತನ್ನು ಒಳಜೇಬಿನಲ್ಲಿಟ್ಟುಕೊಂಡವನಂತೆ ಎರಡು ದಿನ ಓಡಾಡಿದ.

ಡೆಕ್ಕು, ಅಂದರೆ ಹಡಗಿನ ಮೇಲಿನ ನೆಲ, ಒಂದನ್ನು ಮಾತ್ರ ತಾವೇ ಕತ್ತರಿಸುವುದಾಗಿ ಮಾವ ಮೊದಲೇ ಹೇಳಿದ್ದರು. ಮಗಳು ನಕ್ಷೆಯ ಪ್ರತಿಯಲ್ಲಿನ ಗೆರೆಯ ಮೇಲೆ, ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ ಓಡಿಸಿ ರಟ್ಟಿಗೆ ಚುಕ್ಕಿ ಇಳಿಸಿಕೊಟ್ಟಳು. ಮಾವ ಆ ರಟ್ಟನ್ನು ತೆಳುಹಲಗೆಯೊಂದರ ಮೇಲೆ ಬಿಗಿದು, ಚುಕ್ಕಿಗಳನ್ನು ಎಡ ಹೆಬ್ಬೆರಳಲ್ಲಿ ಸವರುತ್ತ, ಬಲಗೈಯ ಚಾಕುವನ್ನು ಹಿಂದೆಯೇ ನಡೆಸುತ್ತ, ಐದು ಮಧ್ಯಾಹ್ನ ಹಿಡಿದು ಎರಡನ್ನೂ ಒಟ್ಟಿಗೆ ಕತ್ತರಿಸಿದರು. ಆ ಐದು ದಿನ ಅವರ ದನಿಯೇ ಬೇರೆಯಾಗಿತ್ತು. ಟೀಗೆ ಸಕ್ಕರೆ ಕಡಿಮೆಯೆಂದು ಮಗಳ ಜೊತೆ ಜಗಳವಾಡುವಷ್ಟು ಉಮೇದು.

ಆರನೆಯ ದಿನ ಡೆಕ್ಕನ್ನು ಪಕ್ಕೆಲುಬುಗಳ ಮೇಲೆ ಇಟ್ಟರು. ಕೂರಲಿಲ್ಲ. ಕೂರಲಿಲ್ಲ ಎನ್ನುವುದಕ್ಕಿಂತ, ಅಣ್ಣನ ಮೈಗೆ ತಮ್ಮನ ಅಂಗಿ ತೊಡಿಸಿದ ಹಾಗಾಯಿತು. ಎರಡೂ ಕಡೆ ಪಕ್ಕೆಲುಬಿನ ತುದಿಗಳು ಹೊರಗೆ ಇಣುಕುತ್ತಿದ್ದವು.

ಮಾವ ಒಂದೊಂದೇ ತುದಿಯನ್ನು ಮುಟ್ಟುತ್ತ ಮೂತಿಯಿಂದ ಬಾಲದವರೆಗೆ ಹೋದರು.

"ಚಿಕ್ಕದು ಮಾಡ್ಬಿಟ್ಟೆ," ಎಂದರು.

"ಸ್ವಲ್ಪವೇ ಅಲ್ವಾ ಅಪ್ಪಾ," ಎಂದಳು ಮಗಳು.

"ಮರಕ್ಕೆ ಸ್ವಲ್ಪ ಅನ್ನೋದಿಲ್ಲಮ್ಮಾ. ಕಣ್ಣು ಹೋದಾಗ ಕೈ ಇದೆ ಅಂದ್ಕೊಂಡಿದ್ದೆ. ಈಗ ಅದೂ ಕೆಲಸ ಬಿಡ್ತು." ಚಾಕುವನ್ನು ಒರೆಸಿ, ಬಟ್ಟೆಯ ತುಂಡಿನಲ್ಲಿ ಸುತ್ತಿ ಮಗಳ ಕೈಗಿಟ್ಟರು. "ಎಲ್ಲಾದ್ರೂ ಎತ್ತಿಡು. ಡೆಕ್ಕನ್ನ ಅಳಿಯಂದ್ರೇ ಹೊಸದಾಗಿ ಕೊಯ್ಲಿ."

ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಟೈಲರಿಗೆ ಕೆಡುಕೆನಿಸಿತು. ಅದರ ಜೊತೆಗೇ, ಹೇಳಬಾರದು, ಸಣ್ಣದೊಂದು ನಿರಾಳವೂ ಆಯಿತು: ತಪ್ಪು ತನ್ನದಲ್ಲ. ಆದರೆ ತಪ್ಪು ತನ್ನದಲ್ಲ ಎಂಬ ಮಾತೂ ಅವನ ತಲೆಯಲ್ಲಿ ಒಂದೇ ಸಲಕ್ಕೆ ಕೂರುವಂಥದಲ್ಲ. ಡೆಕ್ಕನ್ನು ನಕ್ಷೆಯ ಮೇಲಿಟ್ಟು ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕಾಣದ ಕಣ್ಣಿನ ಮಾವ ಗೆರೆಯನ್ನೇ ಎತ್ತಿ ಮರಕ್ಕೆ ಅಂಟಿಸಿದ ಹಾಗೆ ಕತ್ತರಿಸಿದ್ದರು.

ಮೂಲೆಯಲ್ಲಿದ್ದ ಪಕ್ಕೆಲುಬಿನ ರಟ್ಟು ತಂದು ಹಡಗಿಗೆ ಹಿಡಿದ. ಪ್ಲೈವುಡ್ಡು ರಟ್ಟಿಗಿಂತ ಸುತ್ತಲೂ ಕಾಲಂಗುಲ ದೊಡ್ಡದಿತ್ತು. ಎರಡನೆಯದೂ ಹಾಗೆಯೇ. ಹದಿನಾಲ್ಕೂ ಹಾಗೆಯೇ.

ಆಗ ಅವನಿಗೆ ಹೊಳೆಯಿತು. ಮಾದರಿ ರಟ್ಟನ್ನು ಬಟ್ಟೆಯ ಮೇಲಿಟ್ಟು, ಅದರ ಅಂಚಿನಿಂದ ಕಾಲಂಗುಲ ಹೊರಗೆ ಗೆರೆ ಎಳೆದು ಕತ್ತರಿಸುವುದು ಮೂವತ್ತು ವರ್ಷದ ರೂಢಿ. ಆ ಕಾಲಂಗುಲ ಹೊಲಿಗೆಯ ಒಳಗೆ ಮಡಿಚಿಕೊಂಡು ಹೋಗುತ್ತದೆ. ಮೇಜು ಅದೇ, ಸೀಮೆಸುಣ್ಣ ಅದೇ. ಪ್ಲೈವುಡ್ಡಿನ ಮೇಲೂ ಕೈ ತನ್ನಷ್ಟಕ್ಕೆ ಕಾಲಂಗುಲ ಹೊರಗೆ ನಡೆದಿತ್ತು. ಎಡ ಬಲ ಎರಡೂ ಕಡೆ ಸಮವಾಗಿ ತಪ್ಪಿದ್ದರಿಂದ, ಎರಡಲ್ಲ, ಹತ್ತು ಸಲ ಅಳೆದಿದ್ದರೂ ಗೊತ್ತಾಗುತ್ತಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಏನ್ರೀ, ಹಡಗು ಮುಳುಗಿದವರ ಹಾಗೆ ಕೂತಿದೀರಾ?"

ಹೇಳಿದ. ಅವಳು ಬಾಯಿಗೆ ಸೆರಗಿಟ್ಟುಕೊಂಡಳು. ನಗು ಬಂದದ್ದಕ್ಕೋ ಗಾಬರಿಗೋ ಅವಳಿಗೇ ಸ್ಪಷ್ಟವಿರಲಿಲ್ಲ.

"ದೊಡ್ಡ ಡೆಕ್ಕು ಕೊಯ್ದು ಹಾಕ್ಬಿಟ್ರೆ ಯಾರಿಗೂ ತಿಳಿಯಲ್ಲ," ಎಂದ ಟೈಲರು, ಅವಳ ಮುಖ ನೋಡದೆ. "ಒಂದಿಷ್ಟು ದಪ್ಪಗಿರುತ್ತೆ ಹಡಗು, ಅಷ್ಟೇ. ನಾನು ಹೇಳಿದ್ರೆ, ಈ ಜನ್ಮದಲ್ಲಿ ಅವರು ನನ್ನ ಕೈಗೆ ಮರ ಕೊಡಲ್ಲ."

"ಹೇಳ್ದಿದ್ರೆ?"

"ಹೇಳ್ದಿದ್ರೆ..." ಪಕ್ಕದ ಕೋಣೆಯಿಂದ ಕೆಮ್ಮೂ ಕೇಳುತ್ತಿರಲಿಲ್ಲ. ಆ ಹೊತ್ತಿಗೆ ಮಾವ ದಿನವೂ ರೇಡಿಯೋ ಹಾಕುತ್ತಿದ್ದರು. ಇವತ್ತು ಅದೂ ಇಲ್ಲ.

"ಅಪ್ಪನ ಚಾಕು ಅಡುಗೆಮನೆ ಡಬ್ಬದಲ್ಲಿಟ್ಟಿದೀನಿ," ಎಂದಳು ಅವಳು. "ತರಕಾರಿ ಹೆಚ್ಚೋಕೆ ನಂಗೆ ಬೇರೆ ಇದೆ." ಅಷ್ಟು ಹೇಳಿ ಹೋದಳು.

ಟೈಲರು ಡೆಕ್ಕನ್ನೂ ನಕ್ಷೆಯನ್ನೂ ಪಕ್ಕೆಲುಬಿನ ಒಂದು ರಟ್ಟನ್ನೂ ಕಂಕುಳಲ್ಲಿಟ್ಟುಕೊಂಡು ಮಾವನ ಕೋಣೆಗೆ ಹೋದ. ಬಾಯಲ್ಲಿ ಹೇಳಿದರೆ ತೊದಲುತ್ತೇನೆಂದು ಅವರ ಬೆರಳನ್ನು ಹಿಡಿದು ರಟ್ಟಿನ ಅಂಚಿನ ಮೇಲೆ ಇಟ್ಟ.

"ಮಾವಾ, ನಿಮ್ಮ ಡೆಕ್ಕು ಸರಿಯಾಗಿದೆ. ಹಡಗೇ ತಪ್ಪು. ಈ ಅಂಚಿನಿಂದ ನಾನು ಕಾಲಂಗುಲ ಹೊರಗೆ ಕೊಯ್ದಿದೀನಿ. ಹದಿನಾಲ್ಕನ್ನೂ."

"ಯಾಕೆ?"

"ಹೊಲಿಗೆಗೆ ಅಂತ."

"ಯಾವ ಹೊಲಿಗೆಗೆ?"

"ಅದೇ... ಒಳಗೆ ಬಟ್ಟೆ ಬಿಡ್ತೀವಲ್ಲ. ಕೈ ಹಾಗೇ ಹೋಯ್ತು."

ಮಾವ ಕೂತಿದ್ದ ಮಂಚದ ಕಾಲು ಅಲುಗತೊಡಗಿತು. ನಗು ಮೊದಲು ಹೊಟ್ಟೆಯಲ್ಲಿ ಶುರುವಾಗಿ, ಗಂಟಲಿಗೆ ಬಂದು, ಕೊನೆಗೆ ಕೆಮ್ಮಾಯಿತು. "ಹಡಗಿಗೆ ಒಳಗೆ ಬಟ್ಟೆ ಬಿಟ್ರಾ? ಮುಂದಿನ ವರ್ಷ ಮೈ ಬಂದ್ರೆ ಬಿಚ್ಚಿ ದೊಡ್ಡದು ಮಾಡೋಣ ಅಂತಾನಾ? ಏ ಮಗಳೇ, ಬಾರೇ ಇಲ್ಲಿ, ನಿನ್ನ ಗಂಡ ಹಡಗಿಗೆ ಕಾಜಾ ಗುಂಡಿ ಇಟ್ಟಿದಾನಾ ನೋಡು!"

ಟೈಲರು ತಲೆ ತಗ್ಗಿಸಿ ನಿಂತಿದ್ದ. ಮಾವ ಕಣ್ಣು ಒರೆಸಿಕೊಂಡರು. ಡೆಕ್ಕಿನ ಅಂಚನ್ನು ಮತ್ತೊಮ್ಮೆ ಸವರಿ, ನಕ್ಷೆಯ ಮೇಲೆ ಚಕ್ರ ಬಿಟ್ಟಿದ್ದ ಚುಕ್ಕಿಗಳನ್ನು ಸವರಿ, "ಸರಿಯಾಗಿಯೇ ಇದೆ," ಎಂದು ತಮಗೇ ಹೇಳಿಕೊಂಡರು. "ನನ್ನ ಚಾಕು ಎಲ್ಲಮ್ಮಾ?"

"ಮಾವಾ, ಎಲ್ಲ ಹಾಳಾಯ್ತು."

"ಯಾರು ಹೇಳಿದ್ದು? ಕಡಿಮೆ ಕೊಯ್ದಿದ್ರೆ ಒಲೆಗೆ ಹಾಕ್ಬೇಕಿತ್ತು. ಹೆಚ್ಚು ಬಿಟ್ಟಿದೀರಿ, ಉಜ್ಜಿದ್ರೆ ಹೋಗುತ್ತೆ. ತೊಂದ್ರೆ ಇರೋದು ಪಟ್ಟಿಗಳದ್ದು. ಅಂಟಿಸಿದ್ದನ್ನ ಬಿಚ್ಚೋದು ನಂಗೆ ಗೊತ್ತಿಲ್ಲ. ನಾವು ಬಡಗಿಗಳು ಒಡೀತೀವಿ, ಬಿಚ್ಚೋದಿಲ್ಲ."

ಬಿಚ್ಚುವುದು! ಆ ಮಾತಿಗೆ ಟೈಲರು ತಲೆಯೆತ್ತಿದ. ಅವನ ಅರ್ಧ ಆಯಸ್ಸು ಬಿಚ್ಚುವುದರಲ್ಲೇ ಕಳೆದಿತ್ತು. ಮರುದಿನ ಮಧ್ಯಾಹ್ನ ಒದ್ದೆ ಬಟ್ಟೆಯನ್ನು ಪಟ್ಟಿಗಳ ಮೇಲೆ ಹಾಸಿ, ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಹಗುರಾಗಿ ಇಟ್ಟ. ಹಬೆ ಎದ್ದಿತು, ಗೋಂದು ಮೆತ್ತಗಾಗುವ ಹುಳಿವಾಸನೆ ಬಂತು. ತೆಳ್ಳನೆಯ ಅಲಗನ್ನು ಸಂದಿಗೆ ಹಾಕಿ, ಹಳೆಯ ರೇಷ್ಮೆ ಕೋಟಿನ ಒಳಪದರದ ಅಸ್ತರಿ ಬಿಡಿಸುವಷ್ಟು ತಾಳ್ಮೆಯಲ್ಲಿ ಎಬ್ಬಿಸಿದ. ಎಂಟು ಪಟ್ಟಿಗಳೂ ಸೀಳದೆ ಬಂದವು. ಮಾವ ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ಬಾಗಿಸಿ ನೋಡಿ, "ಹೂಂ," ಎಂದರು. ಎಂಟನೆಯದಕ್ಕೆ, "ಇದನ್ನ ಬಂದರಿನಲ್ಲಿ ಯಾರೂ ಮಾಡ್ತಿರ್ಲಿಲ್ಲ," ಎಂದರು.

ಆಮೇಲಿನ ಮೂರು ವಾರ ಆ ಕೋಣೆಯಲ್ಲಿ ಒಳ್ಳೆಯ ವಾರಗಳು. ಟೈಲರು ಅರದಿಂದ ಉಜ್ಜುವುದು, ಮಾವ ಬೆರಳಿನಿಂದ ನೋಡುವುದು. ಮರದ ಹುಡಿ ಗಿರಾಕಿಗಳ ಪ್ಯಾಂಟಿನ ಮೇಲೂ ಕೂತು ಹೆಂಡತಿ ದಿನಕ್ಕೆರಡು ಸಲ ಬೈಯುತ್ತಿದ್ದಳು. ಬೈದು, ತಾನೂ ಒಂದು ಪಟ್ಟಿಗೆ ಉಪ್ಪುಕಾಗದ ಹಾಕುತ್ತ ಕೂತುಬಿಡುತ್ತಿದ್ದಳು.

ಹೊದಿಕೆ ಮತ್ತೆ ಅಂಟಿಸುವ ಮುನ್ನ ಕೊನೆಯ ಪರೀಕ್ಷೆ. ತೆಳ್ಳನೆಯ ಬಿದಿರು ಕಡ್ಡಿಯೊಂದನ್ನು ಮೂತಿಯಿಂದ ಬಾಲದವರೆಗೆ ಪಕ್ಕೆಲುಬುಗಳ ಮೇಲೆ ಬಾಗಿಸಿ ಹಿಡಿಯಬೇಕು. ಅದು ಹದಿನಾಲ್ಕನ್ನೂ ಮುಟ್ಟಬೇಕು, ಎಲ್ಲೂ ಎದ್ದಿರಬಾರದು. ಟೈಲರು ಎರಡು ತುದಿ ಹಿಡಿದ. ಮಾವನ ಬೆರಳು ಒಂದು, ಎರಡು, ಮೂರು ಎಂದು ನಡೆದು ಒಂಬತ್ತರ ಹತ್ತಿರ ನಿಂತಿತು. ಹಿಂದೆ ಹೋಯಿತು. ಮತ್ತೆ ನಿಂತಿತು.

"ಇಲ್ಲೇನೋ ಇದೆ. ಇಲ್ವೇನೋ. ನಂಗೆ ತಿಳೀತಿಲ್ಲ. ನನ್ನ ಬೆರಳೆಲ್ಲ ಗಂಟುಕಟ್ಟಿದ ಚರ್ಮ. ಕಡ್ಡಿ ಇಲ್ಲಿ ಕೊಡಿ, ನೀವು ನೋಡಿ."

ಟೈಲರು ಕಣ್ಣು ಮುಚ್ಚಿ ಬೆರಳ ತುದಿಯಿಟ್ಟ. ಅಸ್ತರಿಯ ಅಡಿಯಲ್ಲಿ ಸಿಕ್ಕಿಕೊಂಡ ನೂಲಿನ ಹಾಗೆ ಏನೋ ಸಣ್ಣಗೆ ಎದ್ದಿತ್ತು.

"ಒಂದು ಎಳೆಯಷ್ಟು ಉಬ್ಬಿದೆ."

"ತೆಗೀಬೇಕಾ, ಬಿಡಬೇಕಾ?"

ಇದು ಪರೀಕ್ಷೆಯ ಪ್ರಶ್ನೆಯಲ್ಲ, ಮಾವನಿಗೆ ನಿಜವಾಗಿಯೂ ಗೊತ್ತಿಲ್ಲ ಎಂದು ತಿಳಿಯಲು ಟೈಲರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ತೆಗೀಬೇಕು," ಎಂದ.

ಅರ ತೆಗೆದುಕೊಂಡು ನಾಲ್ಕು ಸಲ ಎಳೆದು, ಹುಡಿ ಊದಿ, ಮಾವ ಮುಟ್ಟಿ ನೋಡಲೆಂದು ಪಕ್ಕಕ್ಕೆ ಸರಿದ. ಮಾವ ಕೈ ಚಾಚಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನು ಪಕ್ಕಕ್ಕಿಟ್ಟು, ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು: "ಅಮ್ಮಾ, ಗೋಂದು ತಾ. ಒಂಬತ್ತು ಆಯ್ತಂತೆ."