ಏಳು ಪದರದ ಬೀಗ

ಮುಚ್ಚಳದ ಮೇಲಿನ ಕೆಂಡ ಒಂದು ಕಡೆ ಬೂದಿಯಾಗಿತ್ತು, ಇನ್ನೊಂದು ಕಡೆ ಇನ್ನೂ ಕಣ್ಣು ಬಿಟ್ಟುಕೊಂಡೇ ಇತ್ತು, ಹೀಗೇ ಬಿಟ್ಟರೆ ನಾಲ್ಕನೆಯ ಪದರ ಎಡಕ್ಕೆ ಹಸಿ, ಬಲಕ್ಕೆ ಕರಕಲು, ಎರ್ಮೆಲಿಂದಾ ಇಕ್ಕಳದಿಂದ ಕೆಂಡ ಸರಿಸಿದಳು, ತೆಂಗಿನ ಸಿಪ್ಪೆಯ ಹೊಗೆ ಕಣ್ಣಿಗೆ ಹೊಕ್ಕಿತು, ಹೊಗೆಯೇ ಇದು, ಅಳುವಲ್ಲ, ಅಳುವುದಕ್ಕೆ ಯಾರಪ್ಪನ ಗಂಟು ಹೋಗಿದೆ — ಆ ಹಾಳು ಸೂಜಿ ತೆಗೆದುಬಿಡು ಬಾಯ್, ಯಾರಿಗಾದ್ರೂ ಚುಚ್ಚೀತು. ಬೆಳಿಗ್ಗೆ ಚಹಾದಲ್ಲಿ ಪೊಯ್ ರೊಟ್ಟಿ ಅದ್ದಿ ತಿನ್ನುತ್ತ ಅಣ್ಣ ಅಲೇಶ್ ಹೇಳಿದ ಮಾತು, ಉಪ್ಪು ಇತ್ತ ಕೊಡು ಎನ್ನುವಷ್ಟು ಸಲೀಸಾಗಿ, ಬಾಯ್ ಅಂದರೆ ಪುಟ್ಟಿ, ಐವತ್ತಮೂರು ತುಂಬಿದ ಪುಟ್ಟಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಪುಟ್ಟಿ, ಹಾಸಿಗೆ ಹಿಡಿದ, ಹೆತ್ತ ಮಾಯ್‌ಯ ಹೇಲು ಉಚ್ಚೆ ಬಳಿದ ಪುಟ್ಟಿ, ಮತ್ತು ಅವಳು, ಹೂಂ ಮಾನೊ ಎಂದಿದ್ದಳು, ಅಣ್ಣನಿಗೆ ಹೂಂ ಎನ್ನುವುದು ಅವಳ ಬುದ್ಧಿಗಿಂತ ಮುಂಚೆ ಬಾಯಿಂದ ಹೊರಟುಬಿಡುತ್ತದೆ. ಪೆಟ್ಟಿಗೆ ತೆರೆದಿಟ್ಟಿದ್ದೀನಿ, ಸೂಜಿ ತೆಗೆದು, ದಿಂಬಿನ ಚೀಲ ಒಂಚೂರು ಕೊಡವಿ, ಬೀಗ ಒತ್ತಿಬಿಡು, ನಾಶಿಕ್‌ನವರು ಇವತ್ತು, ಒಳ್ಳೆ ಜನ, ನಾಲ್ಕು ಗಂಟೆಗೆ ಕರ್ಕೊಂಡು ಬರ್ತೀನಿ, ಅಂತ ಟೋಪಿ ಇಟ್ಟುಕೊಂಡು ಹೋದ. ಒಳ್ಳೆ ಜನವೇ ಇರಲಿ. ಒಳ್ಳೆ ಜನಕ್ಕೆ ಅವಳ ದಿಂಬಿನ ಚೀಲ ಯಾಕೆ ಬೇಕು, ನಾಶಿಕ್‌ನಲ್ಲಿ ದಿಂಬಿಲ್ಲವೇ? ಅವಳು ಮುಚ್ಚಳ ಎತ್ತಿದಳು. ಪದರ ಕಂದುಗಟ್ಟಿತ್ತು, ಒಂದು ಚಮಚ ತುಪ್ಪ, ಮೇಲೆ ಐದನೆಯ ಸೌಟು ಹಿಟ್ಟು, ಕಾಯಿಹಾಲು ಮೊಟ್ಟೆ ಸಕ್ಕರೆ ಜಾಯಿಕಾಯಿ ಎಲ್ಲ ಸೇರಿದ ಆ ಹಳದಿ ನಿಧಾನವಾಗಿ ಹರಡಿಕೊಂಡು ಕೆಳಗಿನದನ್ನು ಮುಚ್ಚಿತು, ಮುಚ್ಚಳ, ಕೆಂಡ. ಬೆಬಿಂಕಕ್ಕೆ ಬೆಂಕಿ ಮೇಲಿಂದ ಬರಬೇಕು, ತಲೆಯ ಮೇಲಿಂದ, ಒಂದೊಂದು ಪದರಕ್ಕೂ ಕಾಲು ಗಂಟೆ, ಈ ಮನೆಯಲ್ಲಿ ಅವಳಿಗೂ ಹಾಗೇ ಬೆಂದು ಅಭ್ಯಾಸ.

ಬಹರೇನಿನ ಹೋಟೆಲಿನಲ್ಲಿ ಇಪ್ಪತ್ತೈದು ವರ್ಷ ಬಾಗಿಲು ತೆಗೆದು ಸಲಾಮು ಹೊಡೆದು ಬಂದ ಅಲೇಶನಿಗೆ ಪಣಜಿಯಲ್ಲಿ ಕೂರಲಾಗಲಿಲ್ಲ, ಪ್ರವಾಸಿಗಳಿಗೆ ನಿಧಿ ಆಟ ಶುರುಮಾಡಿದ, ಒಂದು ಸಲಕ್ಕೆ ಒಂದೇ ಕುಟುಂಬ, ಕೈಗೊಂದು ಒಗಟಿನ ಚೀಟಿ, ಅದರಲ್ಲಿ ಬರೆದದ್ದು, ಹೊಟ್ಟೆ ತುಂಬ ಗಾಳಿ, ಆದರೂ ಊರಿಗೆಲ್ಲ ಊಟ — ಎಂದರೆ ಉಬ್ಬಿದ ಪೊಯ್ ಸುಡುವವನ ಮನೆ, ಅಲ್ಲಿ ಬಿಸಿ ಪೊಯ್ ಮುರಿದು ತಿನ್ನು, ಬಾಗಿಲ ಮೇಲಿನ ಸಂಖ್ಯೆ ಮೂರು, ಬರೆದುಕೋ, ಆಮೇಲೆ ಹಂದಿಮಾಂಸದ ಚೊರಿಸ್ ಹಾರ ಮಾರುವವಳ ಹತ್ತಿರ ಖಾರಕ್ಕೆ ಬಾಯಿ ಸುಟ್ಟುಕೋ, ಹಾರದಲ್ಲಿ ಗುಂಡು ಒಂಬತ್ತು, ಸೋಡಾ ಅಂಗಡಿಯ ಕಿಟಕಿ ಎರಡು, ಕಡೆಗೆ ಈ ಮಳಾ ಕೇರಿಯ ಹಳದಿ ಮನೆ, ಇಲ್ಲಿ ಸಿಗುವ ನಾಲ್ಕನೆಯ ಅಂಕಿ ಸೇರಿದರೆ ಪೆಟ್ಟಿಗೆಯ ಬೀಗ ತೆರೆಯುತ್ತದೆ. ಕಡೆಯ ಒಗಟು ಏನೆಂದು ಅವಳಿಗೆ ಆರು ತಿಂಗಳು ಗೊತ್ತೇ ಇರಲಿಲ್ಲ. ಒಂದು ದಿನ ಯಾರೋ ಗಡ್ಡದವನು ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತ, ಏಳು ಲಂಗ ತೊಟ್ಟ ಮುದುಕಿ ನೀವೇನಾ, ಎಂದು ಕೇಳಿದ, ಹಿಂದೆ ಅವನ ಹೆಂಡತಿ ಮಕ್ಕಳು ಬಿದ್ದೂ ಬಿದ್ದೂ ನಕ್ಕರು, ಅಲೇಶ್ ಎಲ್ಲರಿಗಿಂತ ಜೋರಾಗಿ ನಕ್ಕ. ಅಯ್ಯೋ ಮುದುಕಿ ಅಂದ್ರೆ ಬೆಬಿಂಕ ಗೋ, ನೀನಲ್ಲ, ನಿಂಗೆ ಗೊತ್ತಾಗಲ್ಲ ಬಿಡು. ಗೊತ್ತಾಗಲ್ಲ ಬಿಡು. ಮಾಯ್ ಬಿದ್ದಾಗ ಡಾಕ್ಟರು ಹೇಳಿದ್ದು ನಿಂಗೆ ಗೊತ್ತಾಗಲ್ಲ ಬಿಡು, ಈ ಕಾಗದಕ್ಕೆ ಸಹಿ ಹಾಕು, ಅದರಲ್ಲೇನಿದೆ ನಿಂಗೆ ಗೊತ್ತಾಗಲ್ಲ ಬಿಡು. ಏನು ಗೊತ್ತಾಗುತ್ತದೆ ಅವಳಿಗೆ, ಪದರ ಯಾವಾಗ ಬೆಂದಿತು ಎನ್ನುವುದು ವಾಸನೆಯಲ್ಲೇ ಗೊತ್ತಾಗುತ್ತದೆ, ಮಾಯ್‌ಗೆ ರಾತ್ರಿ ಜ್ವರ ಬರುವುದು ಮಧ್ಯಾಹ್ನವೇ ಗೊತ್ತಾಗುತ್ತಿತ್ತು, ಮತ್ತು ಅಣ್ಣ ಹೇಳುವ ಸುಳ್ಳು ಅವನು ಗಂಟಲು ಸರಿಮಾಡಿಕೊಳ್ಳುವ ಸದ್ದಿನಲ್ಲೇ ಗೊತ್ತಾಗುತ್ತದೆ.

ಐದನೆಯದು ಬೇಯಲಿ ಎಂದು ಅವಳು ಕೈ ಒರೆಸಿಕೊಂಡು ಒಳಕೋಣೆಗೆ ಹೋದಳು. ಗೋಡೆಯ ಮೇಲಿನ ಯೇಸುವಿನ ಕ್ರೂಜಿನ ಕೆಳಗೆ ಪೆಟ್ಟಿಗೆ, ಸಾಗುವಾನಿ, ಮೂಲೆಗೆಲ್ಲ ಹಿತ್ತಾಳೆ, ಅವಳ ಮದುವೆಗೆಂದು ಮಾಯ್ ಮಾಡಿಸಿದ್ದು, ಬಾಯಿ ತೆರೆದುಕೊಂಡು ಕೂತಿತ್ತು. ಒಂದು ಕಾಲದಲ್ಲಿ ಇದನ್ನು ಮುಚ್ಚಬೇಕಾದರೆ ಮೇಲೆ ಕೂರಬೇಕಿತ್ತು. ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗೆ ಅವಳು ಹೆಣೆದದ್ದು, ಕಸೂತಿ ಹಾಕಿದ್ದು, ಮೇಜಿನ ಹಾಸು, ಕೈವಸ್ತ್ರಗಳು, ಗಾಜಿನ ಲೋಟ ಮುಚ್ಚುವ ಮಣಿಯಂಚಿನ ಬಲೆಗಳು, ಎಲ್ಲ ಒಂದೊಂದಾಗಿ ಗೆದ್ದವರ ಪಾಲಾಯಿತು, ನಿಧಿ ಎಂದರೆ ಇದೇ ನಿಧಿ. ಹುಳ ತಿಂದು ಹೋಗೋದು ಬಾಯ್, ನಾಲ್ಕು ಜನ ನೋಡ್ಲಿ, ಅಂದಿದ್ದ, ಅಂದಿದ್ದೂ ಮೊದಲನೆಯದನ್ನು ಕೊಟ್ಟಾದ ಮೇಲೆ. ಪುಣೆಯ ಒಬ್ಬಳು ಅವಳ ಎದುರಿಗೇ ಕೈವಸ್ತ್ರದಿಂದ ಕಂಕುಳ ಬೆವರು ಒರೆಸಿಕೊಂಡಳು. ಒಬ್ಬ ಮುದುಕ ಮೇಜಿನ ಹಾಸಿನಲ್ಲಿ ಫೆಣಿಯ ಬಾಟಲಿ ಸುತ್ತಿಕೊಂಡು ಹೋದ, ಒಡೆಯಬಾರದಲ್ಲ, ಎಂದು. ಆ ಅಂಚಿನ ದ್ರಾಕ್ಷಿ ಬಳ್ಳಿ ಹೆಣೆಯಲು ಒಂದು ಇಡೀ ಮಳೆಗಾಲ ಹಿಡಿದಿತ್ತು. ಪ್ರತಿ ಸಲವೂ ಅಲೇಶ್ ಪೆಟ್ಟಿಗೆಯ ಪಕ್ಕ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾನೆ — ನಮ್ಮ ತಂಗಿಗೆ ಮದುವೆ ಇಷ್ಟವೇ ಇರಲಿಲ್ಲ ನೋಡಿ, ತನ್ನ ಮದುವೆ ಪೆಟ್ಟಿಗೆಯನ್ನ ಊರಿಗೆ ಬಂದ ಅತಿಥಿಗಳಿಗೇ ಕೊಟ್ಟುಬಿಟ್ಟಳು. ಜನ ಚಪ್ಪಾಳೆ ತಟ್ಟುತ್ತಾರೆ. ಅವಳು ತಟ್ಟೆ ಹಿಡಿದುಕೊಂಡು ನಿಂತಿರುತ್ತಾಳೆ. ಇಷ್ಟವಿರಲಿಲ್ಲ! ಇಷ್ಟ ಇದೆಯೋ ಇಲ್ಲವೋ ಎಂದು ಯಾರು ಕೇಳಿದರು, ಯಾವತ್ತು ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು.

ಪೆಟ್ಟಿಗೆಯ ತಳದಲ್ಲಿ ಉಳಿದದ್ದು ಇದೊಂದೇ, ಅರ್ಧ ಮುಗಿದದ್ದಾದ್ದರಿಂದ ಯಾರಿಗೂ ಕೊಡದೆ ಉಳಿದದ್ದು, ಬಿಳಿ ದಿಂಬಿನ ಚೀಲ, ಮೂಲೆಯಲ್ಲಿ ನೀಲಿ ದಾರದ ಇಂಗ್ಲಿಷ್ ಇ, ಪಕ್ಕದಲ್ಲಿ ಬಿ ಆಗಬೇಕಾದದ್ದು, ಒಂದು ನೆಟ್ಟನೆಯ ಗೆರೆ, ಮೇಲಿನ ಒಂದು ಹೊಟ್ಟೆ, ಕೆಳಗಿನ ಹೊಟ್ಟೆಯ ಶುರುವಿನಲ್ಲಿ ಸೂಜಿ. ಚುಚ್ಚಿದ್ದು ಚುಚ್ಚಿದ ಹಾಗೇ. ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡಿದೆ, ಸುತ್ತ ಚಹಾದ ಬಣ್ಣದ ಕಲೆ. ಬಿ ಎಂದರೆ ಬೆಲಾರ್ಮಿನೊ, ಹಡಗಿನ ಅಡುಗೆಮನೆಯವನು, ಬೆರಳಿಗೆಲ್ಲ ಸುಟ್ಟ ಗುರುತು, ಮೊಂಬಾಸಾದಿಂದ ಬಂದಾಗ ಜಾಯಿಕಾಯಿ ತಂದುಕೊಡುತ್ತಿದ್ದವನು. ಮಾಯ್‌ಗೆ ಲಕ್ವ ಹೊಡೆದ ವರ್ಷ ಬಹರೇನಿನಿಂದ ಅಲೇಶ್ ಅವನಿಗೊಂದು ಕಾಗದ ಬರೆದ, ಅವಳಿಗೆ ಒಂದು ಮಾತೂ ಹೇಳದೆ. ಅಂದು ಮೂರು ಗಂಟೆಯ ಬಿಸಿಲು. ಅವಳು ಇದೇ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಒಳಗೆ ಮಾಯ್ ಮಲಗಿದ್ದಾಳೆ, ಬೆಲಾರ್ಮಿನೊ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದಾನೆ, ಟೋಪಿ ಕೈಯಲ್ಲಿ, ನಿಂಗೆ ಮದುವೆ ಇಷ್ಟ ಇಲ್ವಂತಲ್ಲ ಗೋ, ನಿಮ್ಮಣ್ಣ ಬರೆದಿದ್ದಾನೆ. ಯಾರು ಹೇಳಿದ್ದು ಇಷ್ಟ ಇಲ್ಲ ಅಂತ — ಈ ಮಾತು ಗಂಟಲವರೆಗೆ ಬಂದಿತ್ತು, ಅಷ್ಟರಲ್ಲಿ ಒಳಗಿಂದ ಮಾಯ್, ಎರ್ಮೆಲಿಂದಾ, ಒದ್ದೆಯಾಯ್ತು, ಎಂದು ಕೂಗಿದಳು, ಅವಳು ಸೂಜಿ ಚುಚ್ಚಿಟ್ಟು, ಒಂದ್ನಿಮಿಷ, ಬಂದೆ, ಎಂದು ಒಳಗೆ ಹೋದಳು. ಹಾಸು ಬದಲಿಸಿ, ಕೈ ತೊಳೆದು, ಕೂದಲು ಸರಿಮಾಡಿಕೊಂಡು, ಹೌದು, ಕೂದಲು ಸರಿಮಾಡಿಕೊಂಡೇ ಬಂದಳು, ಮೆಟ್ಟಿಲ ಮೇಲೆ ಬಿಸಿಲು ಬಿಟ್ಟು ಏನೂ ಇರಲಿಲ್ಲ. ಒಂದ್ನಿಮಿಷ ಎಂದಿದ್ದಳಲ್ಲ. ಇಪ್ಪತ್ತೊಂಬತ್ತು ವರ್ಷ.

ಅವಳು ಸೂಜಿಯ ತಲೆ ಹಿಡಿದು ಎಳೆದಳು. ಬರಲಿಲ್ಲ. ಇನ್ನೂ ಎಳೆದರೆ ಬಟ್ಟೆ ಹರಿಯುತ್ತದೆ. ಹೆಬ್ಬೆರಳಿಗೆ ಚುಚ್ಚಿತು, ಚುಚ್ಚಲಿ, ಅವಳಿಗಲ್ಲದೆ ಇನ್ಯಾರಿಗೆ ಚುಚ್ಚಬೇಕು ಅದು, ನಾಶಿಕ್‌ನವರಿಗೆ ಚುಚ್ಚೀತು ಎಂದು ಇವನಿಗೆ ಕಾಳಜಿ! — ವಾಸನೆ ಬಂತು, ಐದನೆಯದು ಆಯಿತು, ಓಡಿದಳು. ತುಪ್ಪ, ಆರನೆಯ ಸೌಟು, ಮುಚ್ಚಳ. ಮಾಯ್ ಹದಿನಾರು ಪದರ ಹಾಕುತ್ತಿದ್ದಳು. ಡಿಸೆಂಬರಿನ ನತಾಲ ಹಬ್ಬಕ್ಕೆ ಬೆಳಿಗ್ಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು, ಏಳು ಹಾಕಿದರೆ ನೆಂಟರಿಗಾಯ್ತು ಕಣೇ, ಹದಿನಾರು ಹಾಕಿದರೆ ಮನೆಯವರಿಗೆ, ಎನ್ನುತ್ತಿದ್ದಳು. ಆಟ ಶುರುವಾದಾಗ ಎರ್ಮೆಲಿಂದಾ ಹದಿನಾರೇ ಹಾಕಿದ್ದಳು, ಅಲೇಶ್ ತಲೆ ಚಚ್ಚಿಕೊಂಡಿದ್ದ, ಹದಿನಾರು ಬೀಗದ ಗಾಲಿಯಲ್ಲಿ ಹಿಡಿಯಲ್ಲ ಬಾಯ್, ಗಾಲಿಗೆ ಒಂದೇ ಅಂಕಿ, ಏಳು ಹಾಕು, ಏಳೇ, ಎಂಟಾದ್ರೆ ಬೀಗ ತೆರೆಯಲ್ಲ, ನನ್ನ ಮಾನ ಹೋಗುತ್ತೆ. ಮಾನ! ಅಂದಿನಿಂದ ವಾರಕ್ಕೆ ಮೂರು ಸಲ ಏಳು, ಉಳಿದ ಹಿಟ್ಟನ್ನು ಅವಳು ಬಟ್ಟಲಲ್ಲಿ ಬೇಯಿಸಿಕೊಂಡು ಒಬ್ಬಳೇ ತಿನ್ನುತ್ತಾಳೆ, ಪದರವಿಲ್ಲದ ಮುದ್ದೆ. ಮೂರು ಒಂಬತ್ತು ಎರಡು ಏಳು. ಬಂದವರು ಕೂಗಿ ಕೂಗಿ ತಿರುಗಿಸುವುದನ್ನು ಕೇಳಿ ಕೇಳಿ ಜಪಮಾಲೆಯ ಹಾಗೆ ಬಾಯಿಪಾಠವಾಗಿದೆ. ಬೀಗ ತಂದ ದಿನ ಅಲೇಶ್ ಅವಳಿಗೆ ತೋರಿಸಿ ಮೆರೆದಿದ್ದ, ನೋಡಿಲ್ಲಿ, ತೆರೆದಾಗ ಕೊಂಡಿಯನ್ನ ಅರ್ಧ ಸುತ್ತು ತಿರುಗಿಸಿ ಒತ್ತಿ ಹಿಡಿಯೋದು, ಬೇಕಾದ ಅಂಕಿ ಕೂರಿಸೋದು, ಬಿಡೋದು, ಅಷ್ಟೇ, ಸಣ್ಣ ಮಗೂನೂ ಮಾಡುತ್ತೆ, ನಿಂಗೆ ಬೇಡ ಬಿಡು. ಮುಂದಿನ ವಾರದಿಂದ ಪೆಟ್ಟಿಗೆಯಲ್ಲಿ ಪಿಂಗಾಣಿಯ ಹುಂಜ ಇಡುತ್ತಾನಂತೆ. ಕೊಂಡು ತಂದ ಹುಂಜ. ಮೊದಲೇ ಇಡಬಹುದಿತ್ತಲ್ಲವೇ ಹುಂಜ, ಇದೆಲ್ಲ ಖಾಲಿಯಾಗುವ ತನಕ ಕೋಳಿ ಕೂಗಲಿಲ್ಲವೇ ಇವನಿಗೆ.

ಏಳನೆಯ ಪದರ ಹಾಕಿ ಅವಳು ಮತ್ತೆ ಒಳಕೋಣೆಗೆ ಹೋದದ್ದು ಸೂಜಿ ತೆಗೆಯಲೆಂದೇ, ಸತ್ಯವಾಗಿ, ಕೈಯಲ್ಲಿ ಎಣ್ಣೆಯ ಬಟ್ಟಲೂ ಇತ್ತು. ಎಣ್ಣೆ ಹಚ್ಚಲಿಲ್ಲ. ಚೀಲವನ್ನು ಮಡಚಿದಳು, ಸೂಜಿ ಮೇಲೆ ಕಾಣುವ ಹಾಗೆ, ತಳದಲ್ಲಿಟ್ಟಳು, ಮುಚ್ಚಿದಳು. ಬೀಗದ ಕೊಂಡಿ ಅರ್ಧ ಸುತ್ತು ತಿರುಗಿತು. ಅವಳು ತಿರುಗಿಸಿದ್ದೋ ಅದೇ ತಿರುಗಿದ್ದೋ. ಮೂರು ಹಾಗೇ ಇರಲಿ, ಒಂಬತ್ತು ಹಾಗೇ ಇರಲಿ, ಅವು ಊರಿನವು. ಎರಡರ ಜಾಗಕ್ಕೆ ಒಂದು. ಏಳರ ಜಾಗಕ್ಕೆ ಆರು. ಹಿಡಿಯಿತು. ಹದಿನಾರು ಹಿಡಿಯಲ್ಲ ಎಂದಿದ್ದನಲ್ಲ, ಎರಡು ಗಾಲಿ ಬಿಟ್ಟುಕೊಟ್ಟರೆ ಯಾಕೆ ಹಿಡಿಯುವುದಿಲ್ಲ. ಬೀಗ ಸಿಕ್ಕಿಸಿ ಒತ್ತಿದಳು, ಗಾಲಿಗಳನ್ನು ಸವರಿ ಸೊನ್ನೆಗೆ ತಂದಳು. ಹೇಳಿಬಿಟ್ಟರಾಯಿತು, ಅವನು ಬಂದ ಕೂಡಲೇ ಹೇಳಿದರಾಯಿತು, ಮಾನೊ, ಕೈ ತಪ್ಪಿ ಅಂಕಿ ಬದಲಾಯ್ತು, ಎಂದರೆ ಬಯ್ಯುತ್ತಾನೆ, ತೆರೆಯುತ್ತಾನೆ, ಮುಗಿಯಿತು.

ನಾಲ್ಕಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ, ಏಳು ಲಂಗದ ಅಜ್ಜೀ, ಎನ್ನುವ ಕೂಗು, ಗಂಡ ಹೆಂಡತಿ, ಹನ್ನೆರಡರ ಹುಡುಗಿ, ಜೊತೆಗೆ ಗಂಡನ ತಾಯಿ, ಬಿಸಿಲಿಗೆ ಕೆಂಪಾದವಳು. ಎರ್ಮೆಲಿಂದಾ ಮುದುಕಿಗೆ ಕುರ್ಚಿ ಕೊಟ್ಟಳು, ಆರಿದ ಬೆಬಿಂಕವನ್ನು ಕವುಚಿ ಹೋಳು ಮಾಡಿ ಇಟ್ಟಳು. ಹುಡುಗಿ ತಟ್ಟೆಗೆ ಮೂಗು ತಾಗಿಸಿ ಎಣಿಸಿತು, ಒಂದು, ಎರಡು, ಏಳು, ಪಪ್ಪಾ ಏಳು! ಅಲೇಶ್ ಗಂಟಲು ಸರಿಮಾಡಿಕೊಂಡ. ನಮ್ಮ ತಂಗಿಗೆ ಮದುವೆ ಇಷ್ಟವೇ ಇರಲಿಲ್ಲ ನೋಡಿ. ಮುದುಕಿ ಬೆಬಿಂಕ ಅಗಿಯುತ್ತ, ಹೌದೇನಮ್ಮಾ, ನಂಗೂ ಇರಲಿಲ್ಲ, ನನ್ನನ್ನ ಯಾರು ಕೇಳಿದ್ರು, ಎಂದಳು, ಎಲ್ಲರೂ ನಕ್ಕರು, ಎರ್ಮೆಲಿಂದಾ ನಗಲಿಲ್ಲ, ಮುದುಕಿಯೂ ನಕ್ಕಿರಲಿಲ್ಲ. ಮೂರು, ಒಂಬತ್ತು, ಎರಡು, ಏಳು. ಹುಡುಗಿ ಎಳೆಯಿತು. ಇನ್ನೊಮ್ಮೆ ಎಳೆಯಿತು. ಅಂಕಲ್, ಬರ್ತಿಲ್ಲ. ಗಂಡ ತಿರುಗಿಸಿದ, ಎಂಟಿರಬೇಕು, ತಳದ ಕಪ್ಪನ್ನೂ ಎಣಿಸು ಎಂದ, ಎಂಟೂ ಬರಲಿಲ್ಲ, ಕಿಟಕಿ ಎರಡೇ ಏನ್ರೀ, ನಾನು ಮೂರು ನೋಡಿದೆ, ಎಂದು ಹೆಂಡತಿ. ಅಲೇಶ್ ಟೋಪಿ ತೆಗೆದ, ತಾನೇ ಬಗ್ಗಿ ಕೂತ, ಬೋಳುತಲೆಯ ಮೇಲೆ ಬೆವರು ಮಣಿಮಣಿಯಾಗಿ, ಎಳೆದ, ಜಗ್ಗಿದ, ಗುದ್ದಿದ. ನಿಧಿಗೇ ಇಷ್ಟ ಇಲ್ಲ ಅಂತ ಕಾಣುತ್ತೆ, ಎಂದಳು ಮುದುಕಿ. ಅವನು ಕೂತಲ್ಲಿಂದಲೇ ಕತ್ತು ತಿರುಗಿಸಿದ. ಬಾಯ್, ನೀನೇನಾದ್ರೂ ಬೀಗ ಮುಟ್ಟಿದ್ಯಾ? ಒತ್ತಿಬಿಡು ಅಂದ್ಯಲ್ಲ ಮಾನೊ, ಒತ್ತಿದೆ. ಅಂಕಿ ಏನಾದ್ರೂ? ನಂಗೆಲ್ಲಿ ಗೊತ್ತಾಗುತ್ತೆ ಅವೆಲ್ಲ. ಅವನು ಅವಳ ಮುಖ ನೋಡಿದ, ಬಹಳ ಹೊತ್ತು, ಅಷ್ಟು ಹೊತ್ತು ಅವನು ಅವಳ ಮುಖ ನೋಡಿದ್ದು ಯಾವಾಗ, ಅವನ ಕಣ್ಣಲ್ಲಿ ಮೊದಲು ಬೈಗುಳ ಬಂತು, ಆಮೇಲೆ ಅದು ನಿಂತಿತು. ಈಗ ಹೇಳಬೇಕು. ಹೇಳಿದರೆ ಮುಗಿಯಿತು, ಅತಿಥಿಗಳ ಮುಂದೆ ಅಣ್ಣನ ಮಾನ, ಹದಿನಾರು ಎಂದರೆ ಸಾಕು, ನಾಲಗೆಯ ಮೇಲೇ ಇದೆ. ಪೆಟ್ಟಿಗೆ ಒಡೆಯುತ್ತಾನೆಯೇ, ಒಡೆಯಲಿ, ಸುತ್ತಿಗೆ ಎತ್ತುವ ಮುಂಚೆ ಅದರ ಮೇಲೆ ಹೋಗಿ ಕೂರುತ್ತಾಳೆ ಅವಳು, ಕೂತು ಅಭ್ಯಾಸವಿದೆ, ಇದು ಯಾರದು ಎಂದು ಅವನು ಕೇಳಬೇಕು, ತೆರೆಯಲೇ ಎಂದು ಕೇಳಬೇಕು, ನಿಂಗೆ ಇಷ್ಟವಾ ಎಂದು, ಬೆಲಾರ್ಮಿನೊನ ವಿಷಯಕ್ಕಲ್ಲದಿದ್ದರೆ ಈ ಒಂದು ಬಟ್ಟೆಯ ವಿಷಯಕ್ಕಾದರೂ, ಕೇಳುವ ತನಕ ಇಲ್ಲ, ಈ ಸಲ ಒಂದ್ನಿಮಿಷ ಎನ್ನುವುದಿಲ್ಲ, ಬಂದೆ ಎನ್ನುವುದಿಲ್ಲ. ಇನ್ನೊಂದು ಹೋಳು ತಗೊಳ್ಳಿ ಅಮ್ಮಾ, ಎಂದು ಅವಳು ಮುದುಕಿಯ ತಟ್ಟೆಗೆ ಹಾಕಿದಳು, ಹೆಬ್ಬೆರಳಿನಲ್ಲಿ ಸಣ್ಣ ಕೆಂಪು ಚುಕ್ಕೆ, ಅಣ್ಣ ಇನ್ನೂ ನೋಡುತ್ತಿದ್ದಾನೆ, ಅವನ ಬೆನ್ನ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕತ್ತಲೆ, ಕತ್ತಲೆಯ ತಳದಲ್ಲಿ ಬಿಳಿ, ಬಿಳಿಯಲ್ಲಿ ಅರ್ಧ ಅಕ್ಷರ, ಅದರಲ್ಲಿ ಚುಚ್ಚಿದ್ದು ಚುಚ್ಚಿದ ಹಾಗೇ ಸೂಜಿ, ಸೂಜಿ —